ಪಾಲಮ್ಮನನ್ನು ಮಣ್ಣು ಮಾಡಿದ ಚಿತ್ತಪ್ಪ

ಚಿತ್ತಪ್ಪನ ವಿಷಯ ಬರೆಯಲು ಕೂತರೆ ಊರಿನ ಹೆಸರು ಹೇಳಬೇಕಾಗುತ್ತದೆ. ಹೇಳುವುದಿಲ್ಲ. ಮಾಡದಕೆರೆ ಹೋಬಳಿಯ ಒಂದು ಹಳ್ಳಿ ಎಂದರೆ ಸಾಕು. ಆ ಊರಿನವರ ಅಂಗಿ, ಚಡ್ಡಿ, ರವಿಕೆ ಹೊಲಿದೇ ನನ್ನ ಹೊಟ್ಟೆ ತುಂಬಿದ್ದು. ಅವರ ಮೇಲೆ ನನಗೆ ಸಿಟ್ಟಿದೆ, ದ್ವೇಷವಿಲ್ಲ. ಅದೂ ಅಲ್ಲದೆ ಅವರು ಮಾಡಿದ್ದನ್ನು ಸುತ್ತಿನ ಹತ್ತಾರು ಊರುಗಳವರೂ ಮಾಡುತ್ತಿದ್ದರು. ಒಂದು ಊರಿನ ಮುಖಕ್ಕೆ ಮಾತ್ರ ಮಸಿ ಬಳಿಯುವುದು ನ್ಯಾಯವಲ್ಲ.

ಚಿತ್ತಪ್ಪ ಕುರಿ ಕಾಯುವ ಮನೆತನದವನು. ಎತ್ತರದ ಆಳು, ಬೇಸಿಗೆಯಲ್ಲೂ ಹೆಗಲ ಮೇಲೆ ಕಂಬಳಿ, ಮಾತು ಕಡಿಮೆ. ಮಾತೇನಿದ್ದರೂ ಕುರಿಗಳ ಜೊತೆ. ಮನುಷ್ಯರು ಎರಡು ಸಲ ಕರೆದರೆ ಒಂದು ಸಲ ತಿರುಗಿ ನೋಡುತ್ತಿದ್ದ. ಹಟ ಮಾತ್ರ ಮೂರಾಳಿಗಾಗುವಷ್ಟಿತ್ತು. ಬಾಗೂರಿನ ಕಡೆಯಿಂದ ಪಾಲಮ್ಮನನ್ನು ಮದುವೆಯಾಗಿ ತಂದ. ಅವಳು ಬಾಯಿಬಡುಕಿ, ನಗುನಗುತ್ತಲೇ ಎಲ್ಲರನ್ನೂ ಬೈಯುವವಳು. ಇಬ್ಬರಿಗೂ ಚೆನ್ನಾಗಿ ಹೊಂದಿಕೆಯಾಯಿತು, ಮಾತಾಡುವ ಕೆಲಸ ಅವಳು ವಹಿಸಿಕೊಂಡಳು.

ಮದುವೆಯಾಗಿ ಸ್ವಲ್ಪ ಕಾಲಕ್ಕೆ ಪಾಲಮ್ಮನ ತುಟಿಯ ಅಂಚಿನಲ್ಲಿ ಬಿಳಿ ಚುಕ್ಕೆಯೊಂದು ಕಾಣಿಸಿತು. ಆಮೇಲೆ ಬೆರಳ ತುದಿಗಳಲ್ಲಿ, ಆಮೇಲೆ ಕತ್ತಿನಲ್ಲಿ. ತೊನ್ನು. ನೋವಿಲ್ಲದ, ಅಂಟದ, ಚರ್ಮದ ಬಣ್ಣ ಬಿಟ್ಟರೆ ಇನ್ನೇನನ್ನೂ ಕೆಡಿಸದ ಕಾಯಿಲೆ. ಆದರೆ ಊರು ಅವಳನ್ನು ಬಾವಿಯ ಹತ್ತಿರ ಬರಬೇಡ ಎಂದಿತು. ಮದುವೆ ಮುಂಜಿಗೆ ಕರೆಯುವುದು ನಿಂತುಹೋಯಿತು. ಚಿತ್ತಪ್ಪನ ಅಣ್ಣಂದಿರು ಅವಳನ್ನು ತವರಿಗೆ ಕಳಿಸಿ ಬೇರೆ ಮದುವೆ ಮಾಡಿಕೊಳ್ಳಲು ಹೇಳಿದರು.

“ಕುರಿ ಮೈಮ್ಯಾಗೆ ಮಚ್ಚೆ ಐತೆ ಅಂತ ಯಾವತ್ತಾನ ಕುರಿ ಬಿಟ್ಟಿದೀನಾ?” ಎಂದನಂತೆ ಚಿತ್ತಪ್ಪ. ಅವನು ಅಣ್ಣಂದಿರ ಜೊತೆ ಆಡಿದ ಕೊನೆಯ ಮಾತು ಅದೇ ಇರಬೇಕು.

ಊರಿನ ಆಚೆ ಬದಿಯಲ್ಲಿ ನಮ್ಮವು ನಾಲ್ಕು ಕ್ರೈಸ್ತರ ಮನೆ. ತಾತಂದಿರ ಕಾಲದಲ್ಲಿ ಮಿಶನ್ನಿನವರು ತೋಡಿಸಿಕೊಟ್ಟ ಬಾವಿ, ಹೆಂಚು ಹೊದಿಸಿದ ಒಂದು ಸಣ್ಣ ಪ್ರಾರ್ಥನಾ ಮಂದಿರ, ಸತ್ತವರಿಗೆಂದು ಅದರ ಹಿಂದೆ ಒಂದು ತುಂಡು ನೆಲ, ಇಷ್ಟು ನಮ್ಮ ಆಸ್ತಿ. ಪಾಲಮ್ಮ ಕೊಡ ಹಿಡಿದು ನಮ್ಮ ಬಾವಿಗೆ ಬಂದಳು. ನನ್ನ ತಾಯಿ ಹಗ್ಗ ಅವಳ ಕೈಗೇ ಕೊಟ್ಟು “ಸೇದ್ಕ” ಎಂದಳು. ಪಾಲಮ್ಮ ಬಾವಿಕಟ್ಟೆಯ ಮೇಲೆ ಕೂತು ಅತ್ತುಬಿಟ್ಟಳಂತೆ. ಅವಳು ಮೊದಲು ನೀರಿಗೆ ಬಂದಳು, ದೇವರಿಗೆ ಬಂದದ್ದು ಆಮೇಲೆ. ಅವಳ ಹಿಂದೆ ಚಿತ್ತಪ್ಪ ಬಂದ. ದೀಕ್ಷಾಸ್ನಾನದ ದಿನ ಅವನಿಗೆ ಯಾಕೋಬ ಎಂದು ಹೆಸರಿಟ್ಟರು. ಆ ಹೆಸರಿಗೆ ಅವನೂ ಓಗೊಡಲಿಲ್ಲ, ನಾವೂ ಕರೆಯಲಿಲ್ಲ.

ಹೊಸದುರ್ಗದಿಂದ ಭಾನುವಾರ ಸೈಕಲ್ ತುಳಿದುಕೊಂಡು ಬರುತ್ತಿದ್ದ ಉಪದೇಶಿ ಸಮಾಧಾನಪ್ಪ ಒಳ್ಳೆಯ ಮನುಷ್ಯ. ಸ್ವಲ್ಪ ಪುಕ್ಕಲು. ಸತ್ತವರೆಲ್ಲ ಒಂದು ದಿನ ಏಳುತ್ತಾರೆ, ಬರೀ ಆತ್ಮವಲ್ಲ, ಈ ಮೈಯೇ ಏಳುತ್ತದೆ, ಮೈಯ ಜೊತೆ ಈ ಭೂಮಿಯೂ ಹೊಸದಾಗುತ್ತದೆ, ಅಲ್ಲಿ ಸಾವಿಲ್ಲ, ಕಣ್ಣೀರಿಲ್ಲ ಎಂದು ಅವರು ಹೇಳಿದ ದಿನ ಪಾಲಮ್ಮ ನಡುವೆಯೇ ಬಾಯಿ ಹಾಕಿದಳು.

“ಈ ಚರ್ಮಾನೇನಾ ಉಪದೇಶಿಗಳೇ, ಬ್ಯಾರೇದಾ?”

ಉಪದೇಶಿ ತಡವರಿಸಿದರು. ಮುಂದಿನ ವಾರ ಯೋಚಿಸಿಕೊಂಡು ಬಂದು, ಮೈ ಇದೇ, ಕಲೆ ಇರುವುದಿಲ್ಲ ಎಂದರು. ಪಾಲಮ್ಮ ಗಂಡನ ಕಡೆ ತಿರುಗಿ “ಕಲೆ ಹೋದ್ರೆ ನನ್ನ ಗುರ್ತು ಹಿಡಿತೀಯಾ?” ಎಂದಳು.

“ನೀ ಬಾಯಿ ತೆಗದ್ರೆ ಸಾಕು,” ಎಂದ ಚಿತ್ತಪ್ಪ. ಮಂದಿರವೆಲ್ಲ ನಕ್ಕಿತು. ಅವನದೂ ಒಂದು ಪ್ರಶ್ನೆ ಇತ್ತು. ಹೊಸ ಭೂಮಿಯಲ್ಲಿ ಕುರಿ ಇರುತ್ತವೋ ಇಲ್ಲವೋ? ಇರುತ್ತವೆ ಎಂದು ಉಪದೇಶಿ ಒಪ್ಪಿಕೊಳ್ಳುವವರೆಗೂ ಅವನು ಬಿಡಲಿಲ್ಲ.

ಎಪ್ಪತ್ತನೇ ಇಸವಿಯಲ್ಲಿ ಪಾಲಮ್ಮನಿಗೆ ಕಾಮಾಲೆಯಾಯಿತು. ಬೇರಿನ ಔಷಧ, ಆಸ್ಪತ್ರೆಯ ಔಷಧ ಎರಡೂ ಆದವು. ಚಿತ್ರದುರ್ಗದಿಂದ ಬಸ್ಸಿನಲ್ಲಿ ವಾಪಸು ಕರೆತಂದಾಗಲೇ ಅವಳು ಉಳಿಯುವುದಿಲ್ಲವೆಂದು ಎಲ್ಲರಿಗೂ ಗೊತ್ತಾಗಿತ್ತು. ಅವಳಿಗೆ ಸಾವಿನ ಭಯ ಇರಲಿಲ್ಲ. ಅವಳ ಭಯ ಬೇರೆ.

ನಮ್ಮ ಸೀಮೆಯಲ್ಲಿ ತೊನ್ನು ಇದ್ದವರು ಸತ್ತರೆ ಮಣ್ಣು ಮಾಡಬಾರದು ಎಂಬ ನಂಬಿಕೆ ಇದೆ. ಅಂಥವರನ್ನು ಭೂಮಿತಾಯಿ ಒಲ್ಲಳು, ಒಳಗಿಟ್ಟರೆ ಮಳೆ ಹೋಗುತ್ತದೆ ಎನ್ನುತ್ತಾರೆ. ಸುಡಬೇಕು, ಇಲ್ಲವೇ ಗುಡ್ಡದ ಬದಿಯಲ್ಲಿಟ್ಟು ಮೇಲೆ ಕಲ್ಲು ಪೇರಿಸಬೇಕು. ತಿಳಿಯದೆ ಹೂತಿದ್ದರೆ, ಮಳೆ ಕೈಕೊಟ್ಟ ವರ್ಷ ಹುಡುಕಿ, ಅಗೆದು, ಹೊರಗೆ ತೆಗೆದು ಸುಡುತ್ತಾರೆ. ಪಾಲಮ್ಮ ಚಿಕ್ಕವಳಿದ್ದಾಗ ತವರಿನ ಕಡೆ ಅಂಥದ್ದನ್ನು ಕಣ್ಣಾರೆ ನೋಡಿದ್ದಳು.

“ನನ್ನ ಸುಡಾಕೆ ಬಿಡಬ್ಯಾಡ. ಮಣ್ಣಾಗೆ ಮಲಗ್ಸು,” ಎಂದಳು ಗಂಡನ ಕೈ ಹಿಡಿದು. “ಎಬ್ಬಿಸೋ ದಿನ ನಾನು ಅಲ್ಲಿರಬೇಕು.”

“ಆತು,” ಎಂದ ಚಿತ್ತಪ್ಪ. ಅವನು ಅದಕ್ಕಿಂತ ದೊಡ್ಡ ಮಾತು ಆಡಿದ್ದನ್ನು ನಾನು ಕೇಳಿಲ್ಲ.

ಆ ವರ್ಷ ಮಳೆ ಚೆನ್ನಾಗಿತ್ತು. ರಾಗಿ ಕೈಗೆ ಬಂದಿತ್ತು, ಯಾರಿಗೂ ಜಗಳ ಬೇಕಿರಲಿಲ್ಲ. ಊರಿನ ಗೌಡರಾದ ಪಂಚಾಕ್ಷರಪ್ಪನವರು ದೂರದಲ್ಲಿ ನಿಂತು ನೋಡಿ, ಬೇಡವೆನ್ನದೆ ಮನೆಗೆ ಹೋದರು. ಬಿಳಿ ಬಟ್ಟೆ ಸುತ್ತಿ ನಾವು ಪಾಲಮ್ಮನನ್ನು ನಮ್ಮ ನೆಲದಲ್ಲಿ ಮಣ್ಣು ಮಾಡಿದೆವು. ನಿಂಗಕ್ಕನ ಮಗನ ಸಮಾಧಿಯ ಪಕ್ಕದಲ್ಲೇ ಜಾಗವಿತ್ತು. ನಿಂಗಕ್ಕ ನಮ್ಮ ನಾಲ್ಕು ಮನೆಗಳಲ್ಲಿ ಒಂದರ ಮುದುಕಿ. ಅವಳ ಒಬ್ಬನೇ ಮಗ ಮದುವೆ ಗೊತ್ತಾದ ವರ್ಷ ಹಾವು ಕಚ್ಚಿ ಹೋಗಿದ್ದ.

ಎಪ್ಪತ್ತೊಂದರಲ್ಲಿ ಮಳೆ ಅರೆಬರೆಯಾಯಿತು. ಎಪ್ಪತ್ತೆರಡರಲ್ಲಿ ಬರಲೇ ಇಲ್ಲ. ಆಷಾಢದ ಗಾಳಿ ಧೂಳು ಹೊತ್ತು ತಂದಿತು, ಶ್ರಾವಣವೂ ಒಣಗಿತು. ಕೆರೆ ಅಂಗಳ ಬಿರುಕು ಬಿಟ್ಟು ಹುಡುಗರು ಅದರಲ್ಲಿ ಚಿಣ್ಣಿದಾಂಡು ಆಡಿದರು. ಅರಳಿಕಟ್ಟೆಯ ಮೇಲೆ ಪಾಲಮ್ಮನ ಹೆಸರು ಎದ್ದಿತು. ಪಂಚಾಕ್ಷರಪ್ಪನವರು ತಾವೇ ಚಿತ್ತಪ್ಪನ ಮನೆಗೆ ಬಂದರು.

“ಚಿತ್ತಪ್ಪ, ಊರು ಸುಮ್ಕಿರಲ್ಲ ಕಣಪ್ಪ. ನಾನು ಎಷ್ಟು ದಿನ ತಡೀಲಿ? ನೀನೇ ಒಪ್ಪಿಬಿಟ್ರೆ ಮರ್ಯಾದೆಯಿಂದ ಆಗೋಗ್ತೈತೆ.”

“ಆಗಲ್ಲ ಗೌಡ್ರೆ.”

“ದನ ಸಾಯ್ತಾ ಅವೆ. ನಿನ್ನ ಕುರೀನೂ ಸಾಯ್ತಾ ಅವೆ.”

“ಸಾಯ್ತಾ ಅವೆ. ಆದ್ರೂ ಆಗಲ್ಲ.”

ಆ ಭಾನುವಾರ ಚಿತ್ತಪ್ಪ ಉಪದೇಶಿಯನ್ನು ಹೊರಗೆ ಕರೆದು ಕೇಳಿದ. ಸುಟ್ಟು ಬೂದಿಯಾದವರನ್ನು ದೇವರು ಎಬ್ಬಿಸುತ್ತಾನೋ ಇಲ್ಲವೋ? ದೇವರಿಗೆ ಬೂದಿಯೂ ಒಂದೇ, ಮಣ್ಣೂ ಒಂದೇ ಎಂದರು ಉಪದೇಶಿ. ಸರಿಯಾದ ಉತ್ತರವೇ, ನಾನೂ ಅದನ್ನೇ ಹೇಳುತ್ತಿದ್ದೆ.

“ದೇವ್ರಿಗೆ ಒಂದೇ ಇರಬೋದು,” ಎಂದ ಚಿತ್ತಪ್ಪ. “ಪಾಲಮ್ಮಗೆ ಒಂದೇ ಅಲ್ಲ.”

ಮಳೆಗಾಗಿ ಗುಡ್ಡದ ದೇವರಿಗೆ ಪೂಜೆ ಇಟ್ಟುಕೊಂಡ ದಿನ ಇಡೀ ಊರು ಕೊಡ ಹೊತ್ತು ಗುಡ್ಡ ಹತ್ತಿತು. ನಮ್ಮ ಮನೆಗಳವರು ಕೂಲಿ ಹುಡುಕಿಕೊಂಡು ಭೀಮಸಮುದ್ರದ ತೋಟಗಳಿಗೆ ಹೋಗಿದ್ದೆವು. ನಡುಹಗಲು, ಬೀದಿಯಲ್ಲಿ ನಾಯಿಯೂ ಇಲ್ಲ. ಚಿತ್ತಪ್ಪ ಗುದ್ದಲಿ, ಕಂಬಳಿ ತೆಗೆದುಕೊಂಡು ಹೋಗಿ ಹೆಂಡತಿಯ ಸಮಾಧಿ ಅಗೆದ. ಮೂಳೆಗಳನ್ನು ಕೈಯಿಂದಲೇ ಆರಿಸಿ ಕಂಬಳಿಯಲ್ಲಿ ಕಟ್ಟಿಕೊಂಡು, ಗುಂಡಿ ಮುಚ್ಚಿ ಮೇಲೆ ಒಣ ಮಣ್ಣು ಉದುರಿಸಿ, ತನ್ನ ರೊಪ್ಪಕ್ಕೆ ತಂದ. ರೊಪ್ಪ ಎಂದರೆ ಮುಳ್ಳುಬೇಲಿ ಕಟ್ಟಿ ಕುರಿ ಕೂಡುವ ಜಾಗ. ಅಲ್ಲಿ ಕುರಿಹಿಕ್ಕೆಯ ಅಡಿಯಲ್ಲಿ ಆಳವಾಗಿ ತೋಡಿ ಅವಳನ್ನು ಮತ್ತೆ ಮಲಗಿಸಿದ. ಕುರಿ ಬಂದು ತುಳಿದ ಮೇಲೆ ಗುರುತೂ ಉಳಿಯಲಿಲ್ಲ. ಇದು ನಮಗಾರಿಗೂ ಆಗ ತಿಳಿಯಲಿಲ್ಲ.

ಗುಡ್ಡದ ಪೂಜೆಗೂ ಮಳೆ ಬರಲಿಲ್ಲ. ಊರು ಹಾರೆ ಗುದ್ದಲಿ ಹಿಡಿದು ನಮ್ಮ ನೆಲಕ್ಕೆ ಬಂದಿತು. ಉಪದೇಶಿ ಅಡ್ಡ ನಿಂತರು. ಅವರನ್ನು ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ, ರಟ್ಟೆ ಹಿಡಿದು ಪಕ್ಕಕ್ಕೆ ನಿಲ್ಲಿಸಿದರು. ಚಿತ್ತಪ್ಪ ಬೇಲಿಯ ಹತ್ತಿರ ಕಂಬಳಿ ಹೊದ್ದು ನಿಂತಿದ್ದ. ಅವನು ತಡೆಯದೆ ಇದ್ದದ್ದು ಕಂಡು ನನಗೆ ಮೈ ಉರಿದುಹೋಯಿತು. ಮನಸ್ಸಿನಲ್ಲೇ ಹೇಡಿ ಎಂದು ಬೈದೆ.

ಅಗೆದರು. ಆಳಕ್ಕೆ ಹೋದರು. ಗೆದ್ದಲು ತಿಂದ ಬಿಳಿ ಬಟ್ಟೆಯ ಚೂರು ಸಿಕ್ಕಿತು, ಎರಡು ಬಳೆ ಓಡು ಸಿಕ್ಕವು. ಪಾಲಮ್ಮ ಇರಲಿಲ್ಲ.

ಹಾರೆ ಹಿಡಿದವನು ಹಾರೆ ಬಿಟ್ಟು ಮೇಲೆ ಹತ್ತಿದ. ಪಂಚಾಕ್ಷರಪ್ಪನವರು ಇದ್ದಲ್ಲೇ ಕೂತುಬಿಟ್ಟರು. ಆಗ ನಿಂಗಕ್ಕ ಗುಂಡಿಗೆ ಬಗ್ಗಿ, ಬಟ್ಟೆ ನೋಡಿ, ಎರಡೂ ಕೈ ಮೇಲೆತ್ತಿ ಕೂಗಿದಳು: “ಎದ್ದವ್ಳೆ! ಪಾಲಮ್ಮ ಎದ್ದವ್ಳೆ! ಬಟ್ಟೆ ಬಿಟ್ಟು ಎದ್ದೋಗವ್ಳೆ ಕಣ್ರೋ!”

ನಮ್ಮ ಸ್ವಾಮಿ ಎದ್ದ ದಿನವೂ ಸಮಾಧಿಯಲ್ಲಿ ಸಿಕ್ಕಿದ್ದು ಬಟ್ಟೆಯೇ ಎಂದು ನಮ್ಮಲ್ಲಿ ಪ್ರತಿ ವರ್ಷ ಕೇಳುತ್ತೇವೆ. ಕೇಳಿ ಕೇಳಿ ಬೆಳೆದವರು ನಾವು. ಹಾಗಿರುವಾಗ ಬೇರೇನು ಹೊಳೆದೀತು? ನಾನೂ ನಂಬಿದೆ. ಅತ್ತುಬಿಟ್ಟೆ. ಇಡೀ ಆಯುಸ್ಸಿನಲ್ಲಿ ಅಷ್ಟು ಸಂತೋಷ ನನಗೆ ಮತ್ತೆಂದೂ ಆಗಲಿಲ್ಲ.

ವಾರದೊಳಗೆ ಧೂಳು ಅಡಗುವಷ್ಟು ಹನಿ ಬಿದ್ದಿತು. ಊರಿಗೆ ಅಷ್ಟು ಸಾಕಾಯಿತು. ಹೂತವಳನ್ನು ಅಗೆದು ಸುಡಲು ಬಂದವರೇ ಆ ಗುಂಡಿಯ ಸುತ್ತ ಕಲ್ಲಿಟ್ಟು, ಅರಿಶಿನ ಕುಂಕುಮ ಹಾಕಿ, ಕಾಯಿ ಒಡೆದರು. ಹೊಳಲ್ಕೆರೆ ಕಡೆಯಿಂದಲೂ ಜನ ನೋಡಲು ಬಂದರು. ನಾವೂ ಎದೆಯುಬ್ಬಿಸಿ ನಡೆದೆವು. ಚಿತ್ತಪ್ಪನನ್ನು ಕಂಡರೆ ಅವನ ಅಣ್ಣಂದಿರೂ ಕೈ ಮುಗಿದರು.

ಚಿತ್ತಪ್ಪ ಪ್ರಾರ್ಥನೆಗೆ ಬರುವುದು ಬಿಟ್ಟ. ಸಂತೋಷ ಹೆಚ್ಚಾಗಿ ಹೀಗಾಗಿದ್ದಾನೆ ಎಂದುಕೊಂಡೆವು. ಅವನನ್ನು ಕೂರಿಸಿಕೊಂಡು ಏನಾಯಿತೆಂದು ಕೇಳಬೇಕಾಗಿದ್ದವರು ಉಪದೇಶಿ, ಅವರು ಕೇಳಲಿಲ್ಲ. ಕೇಳಲು ಅವರಿಗೆ ಹೆದರಿಕೆಯಿತ್ತು ಎಂದು ಈಗ ಅನಿಸುತ್ತದೆ. ಇಪ್ಪತ್ತು ವರ್ಷ ಸೈಕಲ್ ತುಳಿದ ಮನುಷ್ಯನಿಗೆ ಮೊದಲ ಸಲ ಕೇಳುವ ಜನ ಸಿಕ್ಕಿದ್ದರು.

ನಿಂಗಕ್ಕನದು ಬೇರೆ ಕಥೆಯಾಯಿತು. ದಿನಾ ಬೆಳಗ್ಗೆ ಎದ್ದು ಮಗನ ಸಮಾಧಿಯ ಹತ್ತಿರ ಹೋಗಿ ಕೂರುತ್ತಿದ್ದಳು. ಅಡಿಗೆ ಮಾಡಿದರೆ ಎರಡು ತಟ್ಟೆಗೆ ಹಾಕುತ್ತಿದ್ದಳು. ಮಗನ ಹಳೆಯ ಅಂಗಿ ತಂದು, ಗುಂಡಿ ಹಾಕಿಕೊಡು ಎಂದು ನನಗೆ ಕೊಟ್ಟಳು. ನಾನು ಹಾಕಿಕೊಟ್ಟೆ.

ಮರುವರ್ಷ ಈಸ್ಟರ್ ಬಂತು. ಮಂದಿರದಲ್ಲಿ ಕೂರಲು ಜಾಗವಿಲ್ಲ. ಚಿತ್ತಪ್ಪ ಬಾಗಿಲ ಹೊರಗೆ ಕಂಬಕ್ಕೊರಗಿ ನಿಂತಿದ್ದ. ಉಪದೇಶಿ ಸ್ವಾಮಿಯ ಬರಿದಾದ ಸಮಾಧಿಯ ವಿಷಯ ಹೇಳಿ, ಶಿಷ್ಯರೇ ದೇಹ ಕದ್ದರೆಂದು ಆಗಲೂ ಕೆಲವರು ಸುಳ್ಳು ಹಬ್ಬಿಸಿದರು, ನಂಬದವರು ಎಲ್ಲ ಕಾಲದಲ್ಲೂ ಇರುತ್ತಾರೆ, ಆದರೆ ನಮ್ಮ ಕಣ್ಣಿಗೆ ದೇವರು ಪಾಲಮ್ಮನ ಸಮಾಧಿಯನ್ನೇ ತೋರಿಸಿದ್ದಾನೆ ಎಂದರು. ನಿಂಗಕ್ಕ ಎದ್ದು ನಿಂತಳು.

“ನನ್ನ ಮಗಂದೂ ತೆಗೀರಿ. ಅವ್ನೂ ಎದ್ದಿರ್ತಾನೆ. ಮನೆಗೆ ಯಾಕೆ ಬಂದಿಲ್ಲ ಅಂತ ನೋಡಾಣ.”

ಯಾರೂ ಬೇಡವೆನ್ನಲಿಲ್ಲ. ಬೇಡವೆಂದರೆ ನಮ್ಮ ನಂಬಿಕೆಗೇ ಪೆಟ್ಟು. ಒಬ್ಬ ಗುದ್ದಲಿ ತಂದ. ಎಲ್ಲರೂ ಹೊರಗೆ ಬಂದೆವು. ಗುದ್ದಲಿ ಎತ್ತುವಷ್ಟರಲ್ಲಿ ಚಿತ್ತಪ್ಪ ಬಂದು ಸಮಾಧಿಯ ಮೇಲೆ ಕೂತುಬಿಟ್ಟ.

“ತೆಗೀಬ್ಯಾಡ್ರಿ. ನಿನ್ನ ಮಗ ಇಲ್ಲೇ ಅವ್ನೆ ನಿಂಗಕ್ಕ. ಪಾಲಮ್ಮನ್ನ ತೆಗದಿದ್ದು ನಾನು. ನನ್ನ ರೊಪ್ಪದಾಗೆ ಅವ್ಳೆ.”

ಉಪದೇಶಿ ಅವನ ಬಾಯಿ ಮುಚ್ಚುವವರಂತೆ ಮುಂದೆ ಬಂದರು. “ಚಿತ್ತಪ್ಪ, ಏನು ಮಾತಾಡ್ತಿದೀಯ ಗೊತ್ತಾ? ಸಂಜೆಯೊಳಗೆ ಊರಿಗೆ ಗೊತ್ತಾಗುತ್ತೆ. ಅವಳನ್ನ ಸುಡ್ತಾರೆ.”

“ಗೊತ್ತೈತೆ.”

“ಮತ್ತೆ ಯಾಕಪ್ಪ ಹೇಳಿದೆ?”

ಚಿತ್ತಪ್ಪ ತಲೆ ತಗ್ಗಿಸಿಕೊಂಡೇ ಹೇಳಿದ. ಅಷ್ಟು ಉದ್ದದ ಮಾತು ಅವನ ಬಾಯಲ್ಲಿ ನಾನು ಅದೇ ಮೊದಲು ಕೇಳಿದ್ದು. “ಖಾಲಿ ಗುಂಡಿ ಹೆಂಗೆ ಆಗ್ತೈತೆ ಅಂತ ನಂಗೆ ಗೊತ್ತಾಗೋತು ಉಪದೇಶಿಗಳೇ. ನಾನು ಕದ್ದು ಸುಮ್ಕಿದ್ದೆ, ನೀವೆಲ್ಲಾ ನಂಬಿದ್ರಿ. ಆವತ್ತು ಸ್ವಾಮೀನೂ ಯಾರೋ ಹಿಂಗೇ ಕದ್ದು ಸುಮ್ಕಿದ್ರೇನೋ ಅನ್ಸಾಕೆ ಶುರುವಾತು. ಆವತ್ತಿಂದು ಸುಳ್ಳಾದ್ರೆ ಪಾಲಮ್ಮ ಮಣ್ಣಾಗೆ ಇದ್ದು ಏನು ಬಂತು? ಯಾರು ಎಬ್ಬುಸ್ತಾರೆ ಅವಳ್ನ? ಕದ್ದೋನು ಕೊನೇತಂಕ ಸುಮ್ಕಿರಾಕಾಗಲ್ಲ ಅಂದ್ರೇನೇ ಆವತ್ತಿಂದು ನಿಜ.”

ನಿಂಗಕ್ಕ ಅವನ ಮುಖಕ್ಕೆ ಉಗಿದಳು. ಮಗ ಎರಡನೇ ಸಲ ಸತ್ತನೇನೋ ಎನ್ನುವಂತೆ ನೆಲಕ್ಕೆ ಬಿದ್ದು ಗೋಳಾಡಿದಳು. ಚಿತ್ತಪ್ಪ ಕೆನ್ನೆಯ ಮೇಲಿನ ಉಗುಳು ಒರೆಸಿಕೊಳ್ಳಲಿಲ್ಲ.

ಮರುದಿನ ಬೆಳಗ್ಗೆ ಊರು ರೊಪ್ಪದ ಮುಂದೆ ನಿಂತಿತ್ತು. ತಾವು ಕಾಯಿ ಒಡೆದ ಗುಂಡಿ ಸುಳ್ಳಾಯಿತೆಂಬ ಅವಮಾನ ಬೇರೆ. ಏನಾಗುವುದೋ ಎಂದು ನಾನು ಹೆದರಿದ್ದೆ. ಚಿತ್ತಪ್ಪ ಮೊದಲು ಕುರಿಗಳನ್ನು ಹೊರಗೆ ಬಿಟ್ಟ. ಆಮೇಲೆ ಪಂಚಾಕ್ಷರಪ್ಪನವರ ಹತ್ತಿರ ಬಂದು ಕೇಳಿಕೊಂಡ.

“ಹಾರೆ ಹಾಕಿಸಬ್ಯಾಡ್ರಿ ಗೌಡ್ರೆ. ಮುರೀತಾವೆ. ನಾನೇ ತೆಕ್ಕೊಡ್ತೀನಿ.”

ಪಂಚಾಕ್ಷರಪ್ಪನವರು ತಲೆಯಾಡಿಸಿದರು. ಅವರ ಕಣ್ಣಲ್ಲಿ ನೀರಿತ್ತು. ನೀರಿದ್ದರೂ ಅವರು ನಿಲ್ಲಿಸಲಿಲ್ಲ, ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಚಿತ್ತಪ್ಪ ಮಂಡಿಯೂರಿ ಕೂತು ಹಿಕ್ಕೆ ಸರಿಸಿ, ಮಣ್ಣು ಸರಿಸಿ, ಕಂಬಳಿ ಸಮೇತ ಅವಳನ್ನು ಎತ್ತಿದ. ಯಾರ ಕೈಗೂ ಕೊಡದೆ ತಾನೇ ಹೊತ್ತು ಒಣಗಿದ ಕೆರೆ ಅಂಗಳಕ್ಕೆ ನಡೆದ. ಅವರು ಸೌದೆ ಒಟ್ಟಿದರು. ಉರಿ ಹತ್ತಿದಾಗ ಅವನು ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ. ಪಕ್ಕದಲ್ಲಿದ್ದ ನಾನು ಶಾಖ ತಡೆಯದೆ ಅವನ ತೋಳು ಹಿಡಿದು ಎಳೆದೆ. ಬೂದಿಯನ್ನು ಗಾಳಿ ಅಂಗಳದ ತುಂಬ ಹರಡಿತು, ಆರಿಸಿಕೊಳ್ಳಲು ಏನೂ ಉಳಿಯಲಿಲ್ಲ.

ಮೇ ತಿಂಗಳಲ್ಲಿ ಮಳೆ ಬಂತು. ಮೇ ತಿಂಗಳಲ್ಲಿ ಬರುವ ಮಳೆಯೇ. ಊರು ನಮ್ಮ ಕಡೆ ತಿರುಗಿ “ನೋಡಿದ್ರಾ?” ಎಂದಿತು. ಉಪದೇಶಿ ಸಮಾಧಾನಪ್ಪ ಬೇರೆ ಕಡೆಗೆ ವರ್ಗ ಕೇಳಿಕೊಂಡು ಹೋದರು. ಚಿತ್ತಪ್ಪ ಮತ್ತೆ ಭಾನುವಾರ ಪ್ರಾರ್ಥನೆಗೆ ಬರತೊಡಗಿದ. ಒಂದು ದಿನ ತಡೆಯಲಾರದೆ ಕೇಳಿದೆ.

“ಈಗ ನಂಬಿಕೆ ಬಂತೇನಪ್ಪಾ?”

“ನಂಬಿಕೆ ಬಂತು,” ಎಂದ. “ಅವಳೇ ಹೋದ್ಲು.”

ಆಮೇಲೆ ಐದು ವರ್ಷ ಬದುಕಿದ. ಕುರಿ ಕಾಯುತ್ತಿದ್ದ, ಊಟ ಕಡಿಮೆ ಮಾಡಿದ್ದ. ಕೆರೆಗೆ ನೀರು ಬಂದ ಮೇಲೂ ಕುರಿಗಳಿಗೆ ಅಲ್ಲಿ ನೀರು ಕುಡಿಸುತ್ತಿರಲಿಲ್ಲ, ಸುತ್ತು ಹಾಕಿ ಹಳ್ಳಕ್ಕೆ ಹೊಡೆದುಕೊಂಡು ಹೋಗುತ್ತಿದ್ದ. ನಿಂಗಕ್ಕ ಅವನು ಎದುರು ಬಂದರೆ ದಾರಿ ಬದಲಿಸುತ್ತಿದ್ದಳು. ಒಂದೇ ಮಂದಿರದಲ್ಲಿ ಕೂತು ಒಂದೇ ದೇವರನ್ನು ಬೇಡಿಕೊಂಡರೂ ಅವಳು ಅವನ ಜೊತೆ ಒಂದು ಮಾತೂ ಆಡಲಿಲ್ಲ.

ಎಪ್ಪತ್ತೆಂಟರಲ್ಲಿ ಅವನ ಎದೆ ಕಟ್ಟಿತು. ಕೊನೆಯ ದಿನಗಳಲ್ಲಿ ನಾನು ಗಂಜಿ ಕುಡಿಸಲು ಹೋಗುತ್ತಿದ್ದೆ. ಒಂದು ಮಧ್ಯಾಹ್ನ ನನ್ನ ಮಣಿಕಟ್ಟು ಹಿಡಿದುಕೊಂಡ.

“ನನ್ನ ಮಣ್ಣು ಮಾಡಬ್ಯಾಡ್ರಿ. ಸುಟ್ಟು ಕೆರೆಗೆ ಬಿಡ್ರಿ. ದೇವ್ರು ಅವಳ್ನ ಹುಡುಕೋ ಜಾಗದಾಗೇ ನನ್ನೂ ಹುಡುಕ್ಲಿ.”

ಅವನು ಹೋದ ದಿನ ಹೊಸ ಉಪದೇಶಿ ಬಂದರು. ವಯಸ್ಸಿನ್ನೂ ಚಿಕ್ಕದು, ಇಂಥದ್ದು ಎಂದೂ ಕಂಡವರಲ್ಲ. ನಮ್ಮಲ್ಲಿ ಸುಡುವ ರೂಢಿ ಇಲ್ಲವಲ್ಲ ಎಂದರು. ನಾನು ಅವನ ಮಾತು ತಿಳಿಸಿದ ಮೇಲೆ ಒಲ್ಲದ ಮನಸ್ಸಿನಿಂದ ಒಪ್ಪಿದರು. ಕೆರೆ ಏರಿಯ ಕೆಳಗೆ ಸೌದೆ ಒಟ್ಟಿ ಅವನನ್ನು ಮಲಗಿಸಿದೆವು. ಅಣ್ಣಂದಿರು ದೂರದಲ್ಲಿ ನಿಂತಿದ್ದರು. ಉಪದೇಶಿ ಪ್ರಾರ್ಥನೆಗೆ ಕೈ ಜೋಡಿಸಿ, ಬಾಯಿ ತೆರೆದು, ನಿಂತುಬಿಟ್ಟರು. ಸತ್ತವರನ್ನು ಭೂಮಿಗೆ ಒಪ್ಪಿಸುವ ಮಾತು ಅವರಿಗೆ ಬಾಯಿಪಾಠ ಇತ್ತು. ಬೆಂಕಿಯ ಮುಂದೆ ಏನು ಹೇಳಬೇಕೆಂದು ತಿಳಿಯಲಿಲ್ಲ.

“ಏನು ಹೇಳ್ಲಿ?” ಎಂದು ನನ್ನನ್ನು ಕೇಳಿದರು.

ಏರಿಯ ಮೇಲಿಂದ ನಿಂಗಕ್ಕ ಇಳಿದು ಬರುತ್ತಿದ್ದಳು. ಬರುತ್ತಾಳೆಂದು ಯಾರೂ ಎಣಿಸಿರಲಿಲ್ಲ. ಬಂದವಳು ಚಿತ್ತಪ್ಪನ ಮುಖವನ್ನು ಬಹಳ ಹೊತ್ತು ನೋಡಿದಳು. ಸೆರಗಿನಿಂದ ಅವನ ಕೆನ್ನೆ ಒರೆಸಿದಳು, ಅಲ್ಲಿ ಏನೂ ಇರಲಿಲ್ಲ. ಆಮೇಲೆ ಉಪದೇಶಿಯ ಕಡೆ ತಿರುಗಿದಳು.

“ಮಣ್ಣಿಗೆ ಏನು ಹೇಳ್ತೀರೋ ಬೆಂಕಿಗೂ ಅದನ್ನೇ ಹೇಳ್ರಿ. ಕೇಳೋನು ಒಬ್ನೇ ಅಲ್ವಾ.”

ಉಪದೇಶಿ ಹೇಳಿದರು. ನಾವು ಆಮೆನ್ ಎಂದೆವು.